ಇಕೆಬಾನ ಪಾಠ: ಧ್ಯಾನವನ್ನು ವಿವರಿಸಿ ಕಲಿಸಬಹುದೇ?

ಬೋಧನಾಭ್ಯಾಸದ ಅವಧಿಯಲ್ಲಿ ಎಂಟನೆಯ ತರಗತಿಗೆ ಕಲಾ ಶಿಕ್ಷಣದ ಪಾಠ ಮಾಡುವ ಅವಕಾಶ ನನಗೆ ಬಂತು. ನಾನು ಆರಿಸಿಕೊಂಡ ವಿಷಯ ಜಪಾನಿನ ಹೂಜೋಡಣೆಯಾದ ಇಕೆಬಾನ. ಒಂದೇ ಪಾಠವನ್ನು ‘ಎ’ ಮತ್ತು ‘ಬಿ’ ವಿಭಾಗಗಳಿಗೆ ಮಾಡಿದೆ. ಮೊದಲನೆಯದು ಸೋತಿತು. ಅದು ಸೋತ ಕಾರಣವನ್ನೂ ಎರಡನೆಯದರಲ್ಲಿ ಮಾಡಿಕೊಂಡ ಬದಲಾವಣೆಗಳನ್ನೂ ಸಹ ಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ದಾಖಲಿಸುತ್ತಿದ್ದೇನೆ.

ವಿಷಯದ ಹಿನ್ನೆಲೆ

ಇಕೆಬಾನಕ್ಕೆ ‘ಕದೋ’ ಎಂಬ ಹೆಸರೂ ಇದೆ. ಹೂವಿನ ಹಾದಿ ಎಂದು ಅದರ ಅರ್ಥ. ಬುದ್ಧನಿಗೆ ಹೂ ಅರ್ಪಿಸುವ ಪದ್ಧತಿ ಇದರ ಮುಖ್ಯ ಬೇರುಗಳಲ್ಲೊಂದು. ಅತಿ ಹಳೆಯದಾದ ಇಕೆನೋಬೋ ಪಂಥ ಬೆಳೆದದ್ದು ಕ್ಯೋಟೋ ನಗರದ ರೊಕ್ಕಾಕುದೋ ದೇಗುಲದಲ್ಲಿ. ಆ ದೇಗುಲದ ಸೆಂಕೇ ಎಂಬ ಭಿಕ್ಷು ಜೋಡಿಸಿದ ಹೂಗಳನ್ನು ನೋಡಲು ಜನ ಬರುತ್ತಿದ್ದರೆಂದು 1462ರ ದಿನಚರಿಯೊಂದು ಹೇಳುತ್ತದೆ. ಸೋಫು ತೆಶಿಗಹಾರ 1927ರಲ್ಲಿ ಸ್ಥಾಪಿಸಿದ ಸೋಗೆತ್ಸು ಪಂಥದ ಆರಂಭಿಕ ಪಾಠಗಳಲ್ಲಿ ಅಳತೆಗಳು ಸ್ಪಷ್ಟವಾಗಿರುವುದರಿಂದ ಶಾಲೆಗೆ ಅವನ್ನೇ ಒಗ್ಗಿಸಿಕೊಂಡೆ.

ಜೋಡಣೆಗೆ ಮೂರು ಮುಖ್ಯ ರೆಂಬೆಗಳು: ಶಿನ್, ಸೋಯೆ, ಹಿಕಾಏ. ಪಾತ್ರೆಯ ಅಗಲ 12 ಸೆಂ.ಮೀ., ಎತ್ತರ 8 ಸೆಂ.ಮೀ. ಇದ್ದರೆ ಮೊತ್ತ 20. ಅದರ ಒಂದೂವರೆ ಪಟ್ಟು, ಅಂದರೆ 30 ಸೆಂ.ಮೀ., ಶಿನ್‌ನ ಉದ್ದ. ಅದರ ಮುಕ್ಕಾಲು ಭಾಗ ಸೋಯೆ, ಸೋಯೆಯ ಮುಕ್ಕಾಲು ಭಾಗ ಹಿಕಾಏ. ನೇರ ನಿಲುವಿನ ಮೂಲ ಶೈಲಿಯಲ್ಲಿ ಲಂಬರೇಖೆಯಿಂದ ಇವು ಕ್ರಮವಾಗಿ ಸುಮಾರು 15, 45 ಮತ್ತು 75 ಡಿಗ್ರಿ ವಾಲುತ್ತವೆ. ರೆಂಬೆಗಳ ನಡುವೆ ಉಳಿಯುವ ಖಾಲಿ ಜಾಗವೂ ಜೋಡಣೆಯ ಭಾಗವೇ.

ಇದು ಧ್ಯಾನವಾಗುವುದು ಕಣ್ಣು ಮುಚ್ಚುವುದರಿಂದಲ್ಲ, ಕಣ್ಣು ತೆರೆದು ನೋಡುವುದರಿಂದ. ಎಲೆ ಯಾವ ಕಡೆ ಮುಖ ಮಾಡಿದೆ, ರೆಂಬೆ ಎತ್ತ ಬಾಗಿದೆ, ಎಲ್ಲಿ ಕತ್ತರಿಸಬೇಕು ಎಂಬುದಷ್ಟೇ ಮನಸ್ಸಿನಲ್ಲಿರುತ್ತದೆ. ಒಮ್ಮೆ ಕತ್ತರಿಸಿದ್ದನ್ನು ಮತ್ತೆ ಕೂಡಿಸಲಾಗದು. ಆದ್ದರಿಂದ ಕತ್ತರಿಗಿಂತ ಮೊದಲು ಕಣ್ಣು ಕೆಲಸ ಮಾಡಬೇಕು.

ಮೊದಲ ಪಾಠ

ಪಾಠ ಯೋಜನೆಯಲ್ಲಿ ‘ವಿದ್ಯಾರ್ಥಿಗಳು ಧ್ಯಾನದ ಅನುಭವ ಪಡೆಯುವರು’ ಎಂದು ಕಲಿಕಾ ಫಲ ಬರೆದಿದ್ದೆ. ಧ್ಯಾನ ಎಂದರೇನು ಎಂದು ವಿವರಿಸುವುದರಲ್ಲೇ ಹದಿನೈದು ನಿಮಿಷ ಕಳೆದವು. ಚಟುವಟಿಕೆ ಆರಂಭವಾದ ಮೇಲೂ ಬೆಂಚಿನಿಂದ ಬೆಂಚಿಗೆ ಓಡಾಡುತ್ತ ಸೂಚನೆ ಕೊಡುತ್ತಲೇ ಇದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಸೊಟ್ಟ ರೆಂಬೆಯೊಂದನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಹೊತ್ತಾಗುತ್ತದೆಂದು ಅದನ್ನು ತೆಗೆದುಕೊಂಡು, ಕತ್ತರಿಸಿ, ನಾನೇ ನಿಲ್ಲಿಸಿಕೊಟ್ಟೆ. ಅವಳು ಕೈಕಟ್ಟಿ ಕುಳಿತಳು. ನನ್ನ ದಾಖಲೆಯಲ್ಲಿ ‘ಮೌನವಾಗಿ ತೊಡಗಿಸಿಕೊಂಡಳು’ ಎಂದು ಬರೆದೆ.

ಮಾರ್ಗದರ್ಶಕಿ ಮೇಡಂ ಅವಲೋಕನ ಪುಸ್ತಕದಲ್ಲಿ ಎರಡೇ ವಾಕ್ಯ ಬರೆದಿದ್ದರು: ‘ನೀವು ಮೌನ ಎಂಬ ಪದವನ್ನು ಹನ್ನೊಂದು ಸಲ ಹೇಳಿದಿರಿ. ಹಿಂದಿನ ಬೆಂಚಿನ ಹುಡುಗಿ ಸುಮ್ಮನಾದದ್ದು ಅವಳ ಕೆಲಸವನ್ನು ನೀವು ಮುಗಿಸಿಬಿಟ್ಟಿದ್ದರಿಂದ.’ ಓದಿ ನನಗೆ ನಾಚಿಕೆಯಾಯಿತು. ಆದರೆ ಅದು ನಿಜವಾಗಿತ್ತು.

ಪರಿಷ್ಕೃತ ಪಾಠ

ಸೂಕ್ಷ್ಮ ಬೋಧನೆಯಲ್ಲಿ ಮೌನ ಮತ್ತು ಅಮೌಖಿಕ ಸೂಚನೆಯನ್ನು ಕೌಶಲವಾಗಿ ಅಭ್ಯಾಸ ಮಾಡಿದ್ದೆ. ಅದನ್ನು ಇಲ್ಲಿ ಬಳಸಲು ನಿರ್ಧರಿಸಿ ‘ಬಿ’ ವಿಭಾಗಕ್ಕೆ ಹೀಗೆ ಬದಲಾಯಿಸಿದೆ:

1. ಕಲಿಕಾ ಫಲ: ‘ರೆಂಬೆಯನ್ನು ಎರಡು ನಿಮಿಷ ಗಮನಿಸಿ, ಕತ್ತರಿಸುವ ಜಾಗವನ್ನು ತಾನೇ ನಿರ್ಧರಿಸುವನು/ಳು.’ ಇದನ್ನು ನೋಡಿ ದಾಖಲಿಸಬಹುದು. ಧ್ಯಾನದ ಅನುಭವವನ್ನು ದಾಖಲಿಸಲು ನನ್ನಲ್ಲಿ ಸಾಧನವಿಲ್ಲ.

2. ಪ್ರಾತ್ಯಕ್ಷಿಕೆ: ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದು, ಜೋಡಣೆಯನ್ನು ಮಾತಿಲ್ಲದೆ ಒಮ್ಮೆ ಮಾಡಿ ತೋರಿಸುವುದು.

3. ಸಾಮಗ್ರಿ: ಮುಳ್ಳುಗಳಿರುವ ಲೋಹದ ‘ಕೆಂಜಾನ್’ ನಮ್ಮಲ್ಲಿಲ್ಲ. ಜಪಾನಿನ ಹಳೆಯ ‘ರಿಕ್ಕಾ’ ಶೈಲಿಯಲ್ಲಿ ಹುಲ್ಲಿನ ಕಂತೆಯಲ್ಲಿ ರೆಂಬೆ ಸಿಗಿಸುತ್ತಿದ್ದರು. ಹಾಗೆಯೇ ಭತ್ತದ ಹುಲ್ಲನ್ನು ಬಿಗಿಯಾಗಿ ಕಟ್ಟಿ ಪಾತ್ರೆಯಲ್ಲಿಟ್ಟು ನೀರು ಹಾಕಿದೆವು. ಸೀಬೆ ರೆಂಬೆ, ಸೇವಂತಿಗೆ ತಂದೆವು. ಕಣಗಿಲೆ ವಿಷವಾದ್ದರಿಂದ ಬೇಡವೆಂದೆ.

4. ಶಿಕ್ಷಕರ ಕೈ: ಇಕೆಬಾನ ಗುರುಗಳೂ ತಿದ್ದುತ್ತಾರೆ, ಆದರೆ ಶಿಷ್ಯರು ಜೋಡಿಸಿ ಮುಗಿಸಿದ ಮೇಲೆ. ಆದ್ದರಿಂದ ಮುಗಿಯುವ ತನಕ ನಾನು ಯಾರ ರೆಂಬೆಯನ್ನೂ ಮುಟ್ಟಬಾರದು.

ನಾಲ್ಕನೆಯದೇ ಅತ್ಯಂತ ಕಷ್ಟವಾಯಿತು. ಒಬ್ಬ ಹುಡುಗ ಅವಸರದಲ್ಲಿ ಶಿನ್ ರೆಂಬೆಯನ್ನು ಗಿಡ್ಡ ಕತ್ತರಿಸಿ ನನ್ನ ಮುಖ ನೋಡಿದ. ಬೇರೆ ರೆಂಬೆ ಕೊಡಲು ಕೈ ಮುಂದಾಯಿತು, ತಡೆದುಕೊಂಡೆ. ಅವನು ತುಂಡನ್ನು ಅಳೆದ. 22 ಸೆಂ.ಮೀ. ಇತ್ತು. ಸ್ವಲ್ಪ ಹೊತ್ತು ಹಲಗೆ ನೋಡಿ, “ಟೀಚರ್, ಇದೇ ಸೋಯೆ ಆಗಲಿ ಬಿಡಿ,” ಎಂದು ಶಿನ್‌ಗೆ ಇನ್ನೊಂದು ರೆಂಬೆ ಹುಡುಕತೊಡಗಿದ. ಎರಡನೆಯದನ್ನು ಕತ್ತರಿಸುವ ಮುನ್ನ ಅವನು ಬಹಳ ಹೊತ್ತು ನೋಡಿದ. ನಾನು ಹದಿನೈದು ನಿಮಿಷ ವಿವರಿಸಿಯೂ ಕಲಿಸಲಾಗದ್ದು ಅದೇ.

ತರಗತಿ ಪೂರ್ತಿ ನಿಶ್ಶಬ್ದವಾಗಿರಲಿಲ್ಲ. ಅಲ್ಲಲ್ಲಿ ಪಿಸುಮಾತು, ಒಂದೆರಡು ನಗು ಇದ್ದವು. ಆದರೆ ‘ಮೌನ’ ಎಂದು ನಾನು ಒಮ್ಮೆಯೂ ಹೇಳಬೇಕಾಗಲಿಲ್ಲ.

ಉಪಸಂಹಾರ

ಮರುದಿನ ಊಟದ ವಿರಾಮದಲ್ಲಿ ‘ಎ’ ವಿಭಾಗದ ಆ ಹುಡುಗಿಯನ್ನು ಕರೆದು, “ನಿನ್ನೆ ನಿನ್ನ ಕೆಲಸ ನಾನು ಮಾಡಿಬಿಟ್ಟೆ, ಈಗ ನೀನು ಮಾಡಮ್ಮ,” ಎಂದು ಪಾತ್ರೆ ಕೊಟ್ಟೆ. ರಾಶಿಯಲ್ಲಿ ನೇರವಾದ ರೆಂಬೆಗಳಿದ್ದರೂ ಅವಳು ಸೊಟ್ಟಗಿದ್ದುದನ್ನೇ ಆರಿಸಿಕೊಂಡಳು. ನಾನು ಕಿಟಕಿಯ ಬಳಿ ನಿಂತೆ. ಗಂಟೆ ಹೊಡೆಯುವ ಹೊತ್ತಿಗೆ ರೆಂಬೆ ಅದರ ಬಾಗಿನಂತೆಯೇ ನಿಂತಿತ್ತು, ಪಕ್ಕದಲ್ಲಿ ಸಾಕಷ್ಟು ಖಾಲಿ ಜಾಗ ಬಿಟ್ಟು. ತಿದ್ದುವಂಥದ್ದೇನೂ ನನಗೆ ಕಾಣಲಿಲ್ಲ.

ಈ ಪಾಠ ಮಾಡುವವರಿಗೆ ನನ್ನ ಸಲಹೆ ಒಂದೇ. ಮಕ್ಕಳಿಗೆ ಧ್ಯಾನವನ್ನು ವಿವರಿಸಲು ಹೋಗದೆ ರೆಂಬೆಯನ್ನೂ ಸಮಯವನ್ನೂ ಕೊಡಿ. ನಿಮ್ಮ ಕೈಗಳನ್ನು ಹಿಂದೆ ಕಟ್ಟಿಕೊಳ್ಳಿ.