ಅಜ್ಜಿಯ ರೂಪಾಯಿಗೆ ಬೆಲೆ ಎಷ್ಟು?

"ಕವಿತೆ ಬೇಕಾದಷ್ಟು ಬಂದಿವೆ, ನೀನು ಏನಾದರೂ ಉಪಯೋಗಕ್ಕೆ ಬರೋ ಲೇಖನ ಬರೆದುಕೊಡು ಮಾರಾಯಾ" ಅಂತ ನಮ್ಮ ಸಂಘದ ಸಂಪಾದಕರ ಅಪ್ಪಣೆಯಾಗಿದೆ. ನಾನು ವಾಣಿಜ್ಯ ವಿಭಾಗದವನು, ಕವಿತೆ ನನಗೆ ಒಲಿದಿಲ್ಲ. ಆದರೆ ಹೈಸ್ಕೂಲಿನಿಂದಲೂ ಹಳೆಯ ನಾಣ್ಯ ಕೂಡಿಹಾಕುವ ಚಟವಿದೆ. ಇದು ಹಾಸ್ಟೆಲಿನಲ್ಲಿ ಗೊತ್ತಾದ ಮೇಲೆ, ರಜೆ ಮುಗಿಸಿ ಊರಿನಿಂದ ಮುಂಬಯಿಗೆ ಮರಳಿದ ಗೆಳೆಯರಲ್ಲಿ ಒಬ್ಬರಾದರೂ ಕರವಸ್ತ್ರದ ಗಂಟು ಬಿಚ್ಚಿ ಕೇಳುವುದು ಒಂದೇ ಪ್ರಶ್ನೆ: "ಇದಕ್ಕೆ ಎಷ್ಟು ಬರಬಹುದು?" ಉತ್ತರ ಕಂಡುಕೊಳ್ಳುವ ಬಗೆಯನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಉದಾಹರಣೆಗೆ, ನಮ್ಮ ಮನೆಗಳಲ್ಲಿ ಹೆಚ್ಚಾಗಿ ಸಿಗುವ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯನ್ನೇ ತೆಗೆದುಕೊಳ್ಳೋಣ.

1. ನಾಣ್ಯ ಯಾವುದು?

ಮೊದಲು ಓದಬೇಕು, ಆಮೇಲೆ ತೂಗಬೇಕು. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಪ್ರಾಂತ್ಯಗಳಿಗೆಲ್ಲ ಒಂದೇ ಬಗೆಯ ರೂಪಾಯಿ ತಂದಿತು. ತೂಕ 180 ಗ್ರೇನ್, ಅಂದರೆ ಸರಿಯಾಗಿ ಒಂದು ತೊಲ. ಇಂದಿನ ಲೆಕ್ಕದಲ್ಲಿ 11.66 ಗ್ರಾಂ. ಅದರ 12 ಪಾಲಿನಲ್ಲಿ 11 ಪಾಲು ಬೆಳ್ಳಿ, ಉಳಿದದ್ದು ಬೆರಕೆ ಲೋಹ. ರಾಣಿ ಹೋಗಿ ರಾಜ ಬಂದರೂ ಈ ಅಳತೆ 1939ರ ತನಕ ಬದಲಾಗಲಿಲ್ಲ. 1940ರಲ್ಲಿ, ಯುದ್ಧದ ಕಾಲದಲ್ಲಿ, ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1945ರವರೆಗಿನ ರೂಪಾಯಿ ಈ ಅರ್ಧ ಬೆಳ್ಳಿಯದು. 1947ರ ರೂಪಾಯಿಯಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ, ಅದು ನಿಕ್ಕಲ್ಲು. ಹಿಂಬದಿಯಲ್ಲಿ ಹುಲಿ ಇದೆ. ಅಯಸ್ಕಾಂತ ಹಿಡಿದರೆ ಟಪಕ್ಕನೆ ಅಂಟಿಕೊಳ್ಳುತ್ತದೆ. ಬೆಳ್ಳಿ ಅಂಟುವುದಿಲ್ಲ. ಆದ್ದರಿಂದ ನಾಣ್ಯದ ಮೇಲಿನ ವರ್ಷ ನೋಡಿದರೇ ಅರ್ಧ ಕೆಲಸ ಮುಗಿದ ಹಾಗೆ.

2. ಬೆಳ್ಳಿಯ ಬೆಲೆ

ಇದು ನಾಣ್ಯದ ತಳಬೆಲೆ. ಇದಕ್ಕಿಂತ ಬಹಳ ಕೆಳಗೆ ಯಾರಾದರೂ ಕೇಳಿದರೆ ಎದ್ದು ಬರಬೇಕು. ಸವೆಯದ ರೂಪಾಯಿಯಲ್ಲಿ ಬೆಳ್ಳಿ 11.66 × 11 ÷ 12 = 10.69 ಗ್ರಾಂ. ಅದನ್ನು ಅಂದಿನ ಚಿನಿವಾರ ಪೇಟೆಯ ಧಾರಣೆಯಿಂದ ಗುಣಿಸಿ. ಲೆಕ್ಕದ ಅನುಕೂಲಕ್ಕೆ ಗ್ರಾಮಿಗೆ 100 ರೂಪಾಯಿ ಎಂದು ಹಿಡಿದರೆ 1,069 ರೂಪಾಯಿ. 1944ರ ರೂಪಾಯಿಯಾದರೆ 5.83 ಗ್ರಾಂ, ಅಂದರೆ 583 ರೂಪಾಯಿ. ಸವೆದ ನಾಣ್ಯವನ್ನು ತೂಗಿ, ಬಂದ ತೂಕದಿಂದಲೇ ಲೆಕ್ಕ ಹಾಕಬೇಕು.

3. ಅಸಲಿಯೋ ಖೋಟಾವೋ?

ಇದಕ್ಕೆ ಹೈಸ್ಕೂಲಿನಲ್ಲಿ ಕಲಿತ ಆರ್ಕಿಮಿಡೀಸ್ ಸಾಕು. ಅಕ್ಕಸಾಲಿಗರ ಹತ್ತಿರ ಇರುವಂಥ, ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ತಕ್ಕಡಿ ಬೇಕು. ಅದರ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ದಾರಕ್ಕೆ ಕಟ್ಟಿ, ಲೋಟದ ತಳಕ್ಕೂ ಬದಿಗೂ ತಾಗದ ಹಾಗೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. 11.66 ಗ್ರಾಮಿನ ಅಸಲಿ ರೂಪಾಯಿ 1.13ರ ಆಸುಪಾಸು ತೋರಿಸುತ್ತದೆ. ಅಷ್ಟೇ ತೂಕದ ತಾಮ್ರ-ನಿಕ್ಕಲ್ ಖೋಟಾ ಆದರೆ 1.31ರ ಹತ್ತಿರ ಬರುತ್ತದೆ. ಈ ಸಣ್ಣ ವ್ಯತ್ಯಾಸ ಸುಳ್ಳು ಹೇಳುವುದಿಲ್ಲ.

ಇನ್ನೊಂದು ಜಾತಿ ಇದೆ. ಒಂದು ಬದಿ ರಾಮ-ಸೀತೆ ಅಥವಾ ಹನುಮಂತ, ಇನ್ನೊಂದು ಬದಿ "ಈಸ್ಟ್ ಇಂಡಿಯಾ ಕಂಪನಿ, 1818" ಎಂಬ ಇಂಗ್ಲಿಷ್ ಬರಹ. ಕಂಪನಿ ಇಂಥ ನಾಣ್ಯವನ್ನು ಹೊಡೆದದ್ದೇ ಇಲ್ಲ. "ಇದು ಅಕ್ಕಿಕಾಳು ಸೆಳೆಯುತ್ತೆ, ಕೋಟಿ ಬೆಲೆ" ಅಂತ ಹೇಳಿ ಹಳ್ಳಿಯವರ ಮನೆ ಮುರಿಯುವ ದಂಧೆ ಇದರ ಸುತ್ತಲೇ ನಡೆಯುವುದು. ಪೂಜೆಗೆ ಇಡುವವರು ಇಡಲಿ, ದುಡ್ಡು ಕೊಡಬೇಡಿ.

4. ಹಳೆಯದೆಲ್ಲ ಅಪರೂಪವಲ್ಲ

ನಮ್ಮವರ ದೊಡ್ಡ ತಪ್ಪು ತಿಳಿವಳಿಕೆ ಇದು. 1862 ಎಂದು ಬರೆದ ವಿಕ್ಟೋರಿಯಾ ರೂಪಾಯಿ ಒಂದೂವರೆ ಶತಮಾನ ದಾಟಿದ್ದು. ಆದರೆ ಟಂಕಸಾಲೆಗಳು ಮುಂದೆ ಹಲವು ವರ್ಷ ಅದೇ 1862ನ್ನೇ ಅಚ್ಚೊತ್ತುತ್ತಾ ಹೋದವು. 1874ರ ಹೊತ್ತಿಗೆ ನಿಜವಾದ ವರ್ಷ ಹಾಕುವ ಪದ್ಧತಿ ಬಂತು. ಹೀಗಾಗಿ 1862 ಎಂದಿರುವವು ಲೆಕ್ಕವಿಲ್ಲದಷ್ಟು ಸಿಗುತ್ತವೆ. 1939ರ ಆರನೇ ಜಾರ್ಜ್ ರೂಪಾಯಿ ಅದಕ್ಕಿಂತ ಎಷ್ಟೋ ಕಿರಿಯದು, ಆದರೆ ಕಣ್ಣಿಗೆ ಬೀಳುವುದೇ ಕಷ್ಟ. 1911ರ ಐದನೇ ಜಾರ್ಜ್ ರೂಪಾಯಿಯ ಕತೆ ತಮಾಷೆಯದು. ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆ ಎಂದು ಗುಲ್ಲೆದ್ದು, ಸರಕಾರ ಅದನ್ನು ತಡೆದು, 1912ರಲ್ಲಿ ಸೊಂಡಿಲು ತಿದ್ದಿ ಹೊಸ ಅಚ್ಚು ತಂದಿತು. ಅದಕ್ಕೇ 1911ಕ್ಕೆ ಗಿರಾಕಿ ಜಾಸ್ತಿ. ಬೆಲೆ ಏರಿಸುವುದು ವಯಸ್ಸಲ್ಲ. ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು ಎಂಬೆರಡು ಸಂಗತಿ.

5. ನಾಣ್ಯದ ಮೈ

ಒಂದೇ ವರ್ಷದ ಎರಡು ನಾಣ್ಯಗಳಲ್ಲಿ ಒಂದಕ್ಕೆ ಬೆಳ್ಳಿಯ ಬೆಲೆ, ಇನ್ನೊಂದಕ್ಕೆ ಅದರ ಹತ್ತು ಪಟ್ಟು ಬರಬಹುದು. ಉಬ್ಬಿದ ಜಾಗ ಮೊದಲು ಸವೆಯುತ್ತದೆ: ರಾಣಿಯ ಕೆನ್ನೆ, ಕೂದಲ ಎಳೆ, ಕಿರೀಟ, ಉಡುಪಿನ ಕಸೂತಿ. ಇವು ಗೆರೆ ಗೆರೆಯಾಗಿ ಕಂಡರೆ ಒಳ್ಳೆಯ ದರ್ಜೆ. ದಯವಿಟ್ಟು ಹುಣಸೆಹುಳಿ, ಬೂದಿ ಹಾಕಿ ತಿಕ್ಕಬೇಡಿ. ಆ ಕಪ್ಪು ಛಾಯೆಯೇ ಸಂಗ್ರಾಹಕರಿಗೆ ಪ್ರಿಯ. ತಿಕ್ಕಿದ ಗೀರು ಮತ್ತೆ ಮಾಯುವುದಿಲ್ಲ. ಸರಕ್ಕಾಗಿ ಕೊಂಡಿ ಬೆಸೆದಿದ್ದರೆ, ತೂತು ಕೊರೆದಿದ್ದರೆ, ಸಾಮಾನ್ಯ ವರ್ಷದ ನಾಣ್ಯಕ್ಕೆ ಸಿಗುವುದು ಬೆಳ್ಳಿಯ ಬೆಲೆ ಮಾತ್ರ.

6. ಲೆಕ್ಕ ಉಪಯೋಗಕ್ಕೆ ಬಂದದ್ದು

ನಮ್ಮ ಹಾಸ್ಟೆಲಿನ ಗೆಳೆಯನೊಬ್ಬ ಕಲಬುರ್ಗಿ ಕಡೆಯವನು. ಪರೀಕ್ಷೆಯ ಫೀಸು ಕಟ್ಟಲು ಅವನ ಅಮ್ಮ ತಮ್ಮ ಸರದ ಏಳು ರೂಪಾಯಿ ಬಿಚ್ಚಿ ಕೊಟ್ಟಿದ್ದರು. "ಮಾರೋ ತಮ್ಮಾ, ಆದ್ರ ಮೋಸ ಹೋಗಬ್ಯಾಡ" ಅಂದಿದ್ದರಂತೆ. (ಅವನ ಕಡೆ ಅಜ್ಜಿಗೇ ಅಮ್ಮ ಅನ್ನುವುದು.) ಒಂದು ಅಂಗಡಿಯಲ್ಲಿ ಏಳನ್ನೂ ಒಟ್ಟಿಗೆ ತೂಗಿ, "ಎಲ್ಲಾ ಅರ್ಧ ಬೆಳ್ಳಿ" ಎಂದುಬಿಟ್ಟರು. ಅವನು ಮಾರದೆ ನನ್ನ ಕೋಣೆಗೆ ಬಂದ. ಮೇಜಿನ ಮೇಲೆ ಹರವಿ ವರ್ಷ ಓದಿದೆವು. ಆರು ವಿಕ್ಟೋರಿಯಾ, ಒಂದೇ ಒಂದು 1944. ಆರರ ತೂಕ 69 ಗ್ರಾಂ, ಬೆಳ್ಳಿ 63.25. ಏಳನೆಯದು 11.6, ಬೆಳ್ಳಿ 5.8. ಒಟ್ಟು 69.05 ಗ್ರಾಂ. ಅಂಗಡಿಯವರ ಲೆಕ್ಕದಲ್ಲಿ 40.3. ವ್ಯತ್ಯಾಸ 28.75 ಗ್ರಾಂ, ಮೇಲಿನ ಧಾರಣೆಯಲ್ಲೇ ಹಿಡಿದರೆ 2,875 ರೂಪಾಯಿ! ಈ ಚೀಟಿ ಹಿಡಿದು ಬೇರೆ ಅಂಗಡಿಗೆ ಹೋದೆವು. ಕರಗಿಸುವ ಖರ್ಚು, ಅವರ ಲಾಭ ಅಂತ ಸ್ವಲ್ಪ ಕಳೆದು ಮರ್ಯಾದೆಯಾಗಿ ಕೊಟ್ಟರು. ಫೀಸಿಗೆ ಐದೇ ಸಾಕಾದವು. ಉಳಿದ ಎರಡನ್ನು ಅವನು ಊರಿಗೆ ಒಯ್ದು ಅಮ್ಮನ ಕೈಗೇ ಕೊಟ್ಟ.

7. ಎಚ್ಚರಿಕೆಯ ನಾಲ್ಕು ಮಾತು

ಜಾಹೀರಾತಿನಲ್ಲಿ ಕೇಳುವ ಬೆಲೆ ಬೆಲೆಯಲ್ಲ. ಹರಾಜಿನಲ್ಲಿ ನಿಜವಾಗಿ ಕೊಟ್ಟ ಬೆಲೆಯನ್ನು ನೋಡಿ. ವ್ಯಾಪಾರಿ ಮಾರುವ ಬೆಲೆ ಬೇರೆ, ಕೊಳ್ಳುವ ಬೆಲೆ ಬೇರೆ ಎಂಬುದೂ ನೆನಪಿರಲಿ. "ನಿಮ್ಮ ನಾಣ್ಯಕ್ಕೆ ಲಕ್ಷ ಬರುತ್ತೆ, ಮೊದಲು ಕಮಿಷನ್ ಕಳಿಸಿ" ಎಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳುವವರನ್ನು ನಂಬಬೇಡಿ. 2021ರಲ್ಲಿ ಬ್ಯಾಂಕೇ ಇಂಥವರ ವಿರುದ್ಧ ಪ್ರಕಟಣೆ ಹೊರಡಿಸಿದೆ. ನೆಲದಲ್ಲಿ ನಿಧಿ ಸಿಕ್ಕರೆ 1878ರ ಕಾಯಿದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯವನ್ನು 1972ರ ಕಾಯಿದೆಯಂತೆ ಪರವಾನಗಿ ಇಲ್ಲದೆ ವಿದೇಶಕ್ಕೆ ಕಳಿಸುವಂತಿಲ್ಲ.

ಕೊನೆಗೆ ಕನ್ನಡದವರಾಗಿ ಒಂದು ಮಾತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಇಪ್ಪತ್ತು ಕಾಸಿನ ತಾಮ್ರದ ನಾಣ್ಯ ನಿಮ್ಮ ಮನೆಯಲ್ಲಿದ್ದರೆ ಭೂತಗನ್ನಡಿ ಹಿಡಿದು ನೋಡಿ. ಸಿಂಹದ ಜೊತೆಗೆ "ಶ್ರೀ ಚಾಮುಂಡಿ" ಎಂಬ ಹೆಸರೂ, "ಮಯಿಲಿ ಕಾಸು" ಎಂಬ ಕನ್ನಡ ಅಕ್ಷರಗಳೂ ಕಾಣುತ್ತವೆ. ತಾಮ್ರದ ತೂಕಕ್ಕೆ ಅದನ್ನು ಮಾರಿದರೆ ಒಂದು ಚಹಾದ ದುಡ್ಡೂ ಹುಟ್ಟದು. ಇಟ್ಟುಕೊಳ್ಳಿ, ಓದಿ.

ಅಭ್ಯಾಸಕ್ಕೆ: 1901ರ ಒಂದು ರೂಪಾಯಿ, ತೂಕ 11.4 ಗ್ರಾಂ, ಕೊಂಡಿ ಬೆಸೆದ ಗುರುತಿದೆ. ಇಂದಿನ ಧಾರಣೆಯಲ್ಲಿ ಅದರ ತಳಬೆಲೆ ಎಷ್ಟು? ಲೆಕ್ಕ ಮಾಡಿ ಮುಂದಿನ ಸಭೆಗೆ ತನ್ನಿ. ತಕ್ಕಡಿ ನಾನು ತರುತ್ತೇನೆ.