ಕ್ಯಾಮೆರಾ ಚೀಲ ಮತ್ತು ಹೆಗಲು ನೋವು

ಮದುವೆ ಸಮಾರಂಭಗಳ ಫೋಟೋ ತೆಗೆಯುವ ಯುವಕನೊಬ್ಬ ಕಳೆದ ಮಳೆಗಾಲದ ಆರಂಭದಲ್ಲಿ ನನ್ನಲ್ಲಿಗೆ ಬಂದಿದ್ದ. ಊರು ಚಾರ್ಮಾಡಿಯ ಹತ್ತಿರ. "ಬಲಗೈ ಜೋಮು ಹಿಡಿಯುತ್ತದೆ ಡಾಕ್ಟ್ರೇ, ಕ್ಯಾಮೆರಾ ಎತ್ತಿ ಹಿಡಿದರೆ ಕೈ ನಡುಗುತ್ತದೆ" ಎಂದ. ಪಾರ್ಶ್ವವಾಯು ಇರಬಹುದೇ ಎಂದು ಅವನ ತಾಯಿಗೆ ಭಯ. ರಕ್ತದೊತ್ತಡ, ಸಕ್ಕರೆ ಎರಡೂ ಸರಿಯಾಗಿದ್ದವು. ಅಂಗಿ ತೆಗೆಸಿ ನೋಡಿದರೆ ಬಲಹೆಗಲ ಮೇಲೆ ಎರಡು ಬೆರಳಗಲದ ಕಪ್ಪು ಗೆರೆ. ಹೊರಗೆ ಬೆಂಚಿನ ಮೇಲಿಟ್ಟಿದ್ದ ಚೀಲವನ್ನು ತರಿಸಿ, ರೋಗಿಗಳನ್ನು ತೂಗುವ ಯಂತ್ರದ ಮೇಲಿಟ್ಟೆ. ಎಂಟೂವರೆ ಕಿಲೋ!

ಎಲ್ಲಿಂದ ಬಂತು ಇಷ್ಟು ಭಾರ ಎಂದು ಅವನಿಗೇ ಆಶ್ಚರ್ಯ. ಲೆಕ್ಕ ಹಾಕಿದರೆ ಕಷ್ಟವೇನಿಲ್ಲ. ದೊಡ್ಡ ಕ್ಯಾಮೆರಾ ಒಂದು ಕಿಲೋದ ಆಸುಪಾಸು, ಅವನಲ್ಲಿ ಎರಡಿದ್ದವು. ದೂರದ್ದನ್ನು ಹತ್ತಿರ ತರುವ ಉದ್ದ ಲೆನ್ಸ್ ಸುಮಾರು ಒಂದೂವರೆ ಕಿಲೋ. ಉಳಿದ ಲೆನ್ಸ್, ಫ್ಲ್ಯಾಶ್, ಬ್ಯಾಟರಿ, ಚಾರ್ಜರ್ ಸೇರಿ ಎರಡು ಕಿಲೋ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಉಳಿದದ್ದು ಕೊಡೆ ಮತ್ತು ಖಾಲಿ ಚೀಲದ್ದು. ಇಷ್ಟನ್ನೂ ಎಂಟು ವರ್ಷಗಳಿಂದ ಒಂದೇ ಹೆಗಲು ಹೊರುತ್ತಿತ್ತು.

ಕೈಯನ್ನು ಆಡಿಸುವ ನರಗಳೆಲ್ಲ ಕತ್ತಿನಿಂದ ಹೊರಟು, ಕೊರಳೆಲುಬಿನ ಅಡಿಯಲ್ಲಿ ಹಾದು ಕೈಗೆ ಇಳಿಯುತ್ತವೆ. ಚೀಲದ ಕಿರಿದಾದ ಪಟ್ಟಿ ಭುಜವನ್ನು ಕೆಳಕ್ಕೆಳೆದಾಗ ಈ ನರಗಳು ಎಳೆತಕ್ಕೂ ಒತ್ತಡಕ್ಕೂ ಸಿಕ್ಕಿಕೊಳ್ಳುತ್ತವೆ. ಜೋಮು, ಉರಿ, ಬಲಹೀನತೆ ಬರುವುದು ಹಾಗೆ. ಭಾರವಾದ ಬೆನ್ನುಚೀಲ ಹೊತ್ತು ದೂರ ನಡೆಯುವ ಸೈನಿಕರಲ್ಲಿಯೂ ಚಾರಣಿಗರಲ್ಲಿಯೂ ಈ ತೊಂದರೆ ಹಳೆಯದು. ಇನ್ನೊಂದು ಸಂಗತಿಯೂ ಇದೆ. ಚೀಲ ಜಾರದಿರಲೆಂದು ನಮಗರಿವಿಲ್ಲದೆಯೇ ಆ ಹೆಗಲನ್ನು ಮೇಲೆತ್ತಿ, ಬೆನ್ನನ್ನು ಎದುರು ಬದಿಗೆ ಬಾಗಿಸಿ ನಡೆಯುತ್ತೇವೆ. ಹೀಗಾಗಿ ಕತ್ತಿನ ಸ್ನಾಯುಗಳು ದಿನವಿಡೀ ಬಿಗಿದುಕೊಂಡೇ ಇರುತ್ತವೆ. ಭಾರವಿರುವುದು ಬಲಕ್ಕೆ, ನೋವು ಎಡಸೊಂಟಕ್ಕೆ ಎನ್ನುವವರೂ ಬರುವುದುಂಟು.

ಜೂನ್ ತಿಂಗಳಿನಿಂದ ಘಾಟಿಯಲ್ಲಿ ಝರಿಗಳು ಧುಮುಕತೊಡಗಿದರೆ ಚಾರ್ಮಾಡಿಯಿಂದ ಕೊಟ್ಟಿಗೆಹಾರದವರೆಗೆ ಕ್ಯಾಮೆರಾ ಹಿಡಿದವರ ಸಾಲೇ ಕಾಣುತ್ತದೆ. ಮಕ್ಕಳ ಶಾಲಾಚೀಲ ಅವರ ತೂಕದ ನೂರಕ್ಕೆ ಹತ್ತು ಭಾಗ ಮೀರಬಾರದೆಂದು ಕೇಂದ್ರ ಸರಕಾರದ 2020ರ ಶಾಲಾಚೀಲ ನೀತಿ ಹೇಳುತ್ತದೆ. ದೊಡ್ಡವರಿಗೆ ಅಂಥ ನಿಯಮವಿಲ್ಲ. ಆದರೂ ದಿನನಿತ್ಯ ಹೊರುವವರಿಗೆ ನಾನು ಹೇಳುವುದು ಅದೇ ಅಳತೆ: ಅರವತ್ತು ಕಿಲೋ ತೂಕದವರಿಗೆ ಆರು ಕಿಲೋ.

ಹಾಗಾದರೆ ಎಂಥ ಚೀಲ ಕೊಳ್ಳಬೇಕು? ಬಹಳ ಹೊತ್ತು ಹೊರುವವರಿಗೆ ಎರಡು ಹೆಗಲಿನ ಬೆನ್ನುಚೀಲವೇ ಒಳ್ಳೆಯದು. ಅದರ ಹೆಗಲಪಟ್ಟಿ ನಾಲ್ಕು ಬೆರಳಿನಷ್ಟಾದರೂ ಅಗಲವಾಗಿ, ಒಳಗೆ ಮೆತ್ತೆ ಇರುವಂಥದಾಗಿರಬೇಕು. ಹಗ್ಗದಂತಹ ಪಟ್ಟಿಯುಳ್ಳದ್ದು ಎಷ್ಟೇ ಅಗ್ಗವಾಗಿದ್ದರೂ ಬೇಡ. ಅದಕ್ಕಿಂತ ಮುಖ್ಯವಾದದ್ದು ಸೊಂಟಪಟ್ಟಿ. ಸೊಂಟದ ಎರಡೂ ಬದಿ ಕೈಗೆ ಸಿಗುವ ಮೂಳೆಯ ಅಂಚಿನ ಮೇಲೆ ಅದು ಕೂರಬೇಕು, ಹೊಟ್ಟೆಯ ಮೇಲಲ್ಲ. ಸರಿಯಾಗಿ ಕೂತರೆ ಭಾರದ ಬಹುಪಾಲು ಹೆಗಲಿನಿಂದ ಸೊಂಟಕ್ಕೆ ಇಳಿದು, ಕಾಲುಗಳ ಬಲವಾದ ಸ್ನಾಯುಗಳು ಅದನ್ನು ಹೊರುತ್ತವೆ. ಅತಿ ಬಿಗಿಯೂ ಸಲ್ಲದು. ತೊಡೆಯ ಹೊರಮೈ ಉರಿಯತೊಡಗಿದರೆ ಅಲ್ಲಿನ ನರ ಅದುಮಿದೆ ಎಂದರ್ಥ.

ಚೀಲದ ಉದ್ದವನ್ನು ನಿಮ್ಮ ಎತ್ತರ ನೋಡಿ ಆರಿಸಬೇಡಿ, ಬೆನ್ನಿನ ಉದ್ದ ನೋಡಿ ಆರಿಸಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಮಟ್ಟದವರೆಗೆ ಮನೆಯವರಿಂದ ಅಳೆಸಿಕೊಳ್ಳಿ. ಗಂಡನಿಗೆ ಹೊಂದುವ ಚೀಲ ಹೆಂಡತಿಗೆ ಹೊಂದಬೇಕೆಂದಿಲ್ಲ. ಅಂಗಡಿಯಲ್ಲಿ ಖಾಲಿ ಚೀಲ ಹಾಕಿ ನೋಡುವುದರಿಂದ ಏನೂ ತಿಳಿಯದು. ನಿಮ್ಮ ಸಾಮಾನನ್ನೇ ಒಯ್ದು ತುಂಬಿ, ಹದಿನೈದು ನಿಮಿಷ ನಡೆದಾಡಿ, ಒಂದೆರಡು ಮಹಡಿ ಹತ್ತಿಳಿದು ನೋಡಿ. ಅಂಗಡಿಯವನು ಬೇಸರಿಸಿದರೆ ಬೇಸರಿಸಲಿ. ತುಂಬುವಾಗ ಭಾರದ ಲೆನ್ಸ್ ಬೆನ್ನಿಗೆ ತಾಗುವಂತೆ ಇರಲಿ. ಹೊರಗಿನ ಜೇಬಿನಲ್ಲಿಟ್ಟರೆ ಅದೇ ಭಾರ ನಿಮ್ಮನ್ನು ಹಿಂದಕ್ಕೆಳೆಯುತ್ತದೆ.

ನಮ್ಮ ಹಿರಿಯರು ಸೊಪ್ಪಿನ ಹೊರೆಯನ್ನು ಸಿಂಬೆಯಿಟ್ಟು ತಲೆಯ ಮೇಲೆ ಹೊತ್ತು ನೆಟ್ಟಗೆ ನಡೆಯುತ್ತಿದ್ದರು. ಭಾರ ಬೆನ್ನುಮೂಳೆಯ ನೇರಕ್ಕೆ ಇಳಿಯುತ್ತಿತ್ತು. ಅದೂ ಕತ್ತನ್ನು ಸವೆಸುತ್ತಿತ್ತು, ಸುಳ್ಳಲ್ಲ. ಆದರೆ ಹೊರೆಯನ್ನು ಮೈಯ ನಡುಗೆರೆಗೆ ಹತ್ತಿರ ಇಟ್ಟುಕೊಳ್ಳಬೇಕೆಂಬುದು ಅವರಿಗೆ ಗೊತ್ತಿತ್ತು.

ಮದುವೆ ಮಂಟಪದಲ್ಲಿ ಬೆನ್ನುಚೀಲದಿಂದ ಲೆನ್ಸ್ ಬದಲಿಸಲು ಪುರಸೊತ್ತಿಲ್ಲ, ಹೆಗಲಚೀಲವೇ ಬೇಕು ಎನ್ನುವವರಿದ್ದಾರೆ. ಅದು ಒಪ್ಪತಕ್ಕ ಮಾತೇ. ಅಂಥವರು ಪಟ್ಟಿಯನ್ನು ಎದೆಗೆ ಅಡ್ಡವಾಗಿ ಹಾಕಿ, ಅರ್ಧ ಗಂಟೆಗೊಮ್ಮೆ ಬದಿ ಬದಲಿಸಲಿ. ಬೇಡದ ಸಾಮಾನು ಒಂದು ಮೂಲೆಯಲ್ಲಿ ನಂಬಿಕಸ್ಥರ ಬಳಿ ಇರಲಿ. ಕ್ಯಾಮೆರಾವನ್ನು ಗಂಟೆಗಟ್ಟಲೆ ಕೊರಳಿಗೆ ನೇತುಹಾಕಿಕೊಳ್ಳುವುದೂ ಬೇಡ. ಬೈಕಿನಲ್ಲಿ ಘಾಟಿ ಹತ್ತುವಾಗ ಹೆಗಲಚೀಲ ತಿರುವಿನಲ್ಲಿ ಓಲಾಡಿ ಬೀಳಿಸೀತು. ಬೆನ್ನುಚೀಲ ಹಾಕಿ, ಅದರ ತಳ ಹಿಂದಿನ ಸೀಟಿನ ಮೇಲೆ ಕೂರುವಂತೆ ಮಾಡಿಕೊಳ್ಳಿ. ಮಳೆಗೆ ಹೊದಿಕೆ ಅಗತ್ಯ. ಒದ್ದೆಯಾದ ಚೀಲ ಭಾರವೂ ಹೌದು, ಲೆನ್ಸಿಗೆ ಬೂಷ್ಟು ಹಿಡಿಯಲು ದಾರಿಯೂ ಹೌದು.

ನೋವು ಬಂದಾಗ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ವಾರಗಟ್ಟಲೆ ನುಂಗುವ ರೂಢಿ ನಮ್ಮಲ್ಲಿದೆ. ನೋವು ನಿವಾರಕ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲವು, ಮೂತ್ರಪಿಂಡಕ್ಕೂ ಕೇಡು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಹೆಚ್ಚು. ಬಿಸಿ ಶಾಖ ಕೊಟ್ಟು, ಕೆಲವು ದಿನ ಹೊರೆ ಬಿಟ್ಟು ನೋಡಿ. ಕೈಯಲ್ಲಿ ಹಿಡಿತ ತಪ್ಪುವುದು, ತೋಳು ಮೇಲೆತ್ತಲಾಗದಿರುವುದು, ರಾತ್ರಿಯೂ ಬಿಡದ ನೋವು ಇದ್ದರೆ ಮಾತ್ರ ಕಾಯಬೇಡಿ. ಕೈ ಜೋಮಿಗೆ ಸಕ್ಕರೆ ಕಾಯಿಲೆ, ಕತ್ತಿನ ಮೂಳೆ ಸವೆತ, ಮಣಿಕಟ್ಟಿನಲ್ಲಿ ನರ ಅದುಮುವುದು ಕೂಡ ಕಾರಣವಾಗಿರಬಹುದು. ಮುಖ ಸೊಟ್ಟಗಾಗಿ, ಮಾತು ತೊದಲಿ, ಒಂದು ಬದಿಯ ಕೈಕಾಲು ಒಮ್ಮೆಲೇ ಸೋತರೆ ಅದು ಚೀಲದ್ದಲ್ಲ. ತಕ್ಷಣ ದೊಡ್ಡ ಆಸ್ಪತ್ರೆ ಸೇರಬೇಕು.

ಇನ್ನೊಂದು ಮಾತನ್ನು ಮಧ್ಯವಯಸ್ಸಿನವರಿಗೆ ಹೇಳಲೇಬೇಕು. ಗಡಾಯಿಕಲ್ಲಿನ ಮೆಟ್ಟಿಲು ಹತ್ತುವಾಗ ಎಡಹೆಗಲು, ತೋಳು, ದವಡೆ ನೋಯತೊಡಗಿ, ನಿಂತರೆ ಕಡಿಮೆಯಾಗುತ್ತದೆಯೇ? ಜೊತೆಗೆ ಬೆವರು, ಎದೆ ಬಿಗಿತ, ಉಸಿರು ಸಾಲದಂತಾಗುವುದು ಇದೆಯೇ? ಅದನ್ನು ಚೀಲದ ತಲೆಗೆ ಕಟ್ಟಬೇಡಿ. ಹೃದಯದ ನೋವು ಹೀಗೆಯೇ ಬರುತ್ತದೆ. ಒಮ್ಮೆ ನನ್ನ ಬಳಿ ಬಂದ ಐವತ್ತು ದಾಟಿದ ಫೋಟೋಗ್ರಾಫರರೊಬ್ಬರು ಹೊಸ ಚೀಲ ಕೊಂಡೂ ನೋವು ಹೋಗಲಿಲ್ಲ ಎಂದು ದೂರಿದ್ದರು. ಇಸಿಜಿ ನೋಡಿ ಆ ಕ್ಷಣವೇ ಮಂಗಳೂರಿಗೆ ಕಳುಹಿಸಬೇಕಾಯಿತು.

ಮೊದಲು ಹೇಳಿದ ಯುವಕ ಎರಡನೆಯ ಕ್ಯಾಮೆರಾವನ್ನೂ ಲೆನ್ಸ್‌ಗಳನ್ನೂ ಜೊತೆಗಾರನ ಚೀಲಕ್ಕೆ ದಾಟಿಸಿದ. ತನ್ನದನ್ನು ಐದು ಕಿಲೋಗೆ ಇಳಿಸಿದ. ಜೋಮು ಆರು ವಾರದಲ್ಲಿ ಹೋಯಿತು. ಕೈಗೆ ಹಿಂದಿನ ಬಲ ಬರಲು ಮೂರು ತಿಂಗಳು ಹಿಡಿಯಿತು. ಆ ಸಾಲಿನ ಶ್ರಾವಣದ ಮದುವೆಗಳನ್ನು ಅವನು ಬಿಟ್ಟುಕೊಡಬೇಕಾಯಿತು.