ಮೂಲೆ ಹಿಡಿಯುವ ತ್ರಿಕೋನ

ಫೆವಿಕಾಲ್ ಹಚ್ಚಿದ ಮರ ಅಂಟುವುದಕ್ಕೆ ಮೊದಲು ಜಾರುತ್ತದೆ. ಅಂಟಿಲ್ಲದೆ ಜೋಡಿಸಿದಾಗ ಕಾಗದ ತೂರದಂತೆ ಕೂತಿದ್ದ ಮೂಲೆ, ಕ್ಲಾಂಪ್ ಬಿಗಿಯತೊಡಗಿದ ಕೂಡಲೇ ಅತ್ತಲೋ ಇತ್ತಲೋ ಸರಿಯುತ್ತದೆ. ಒತ್ತಡ ಪಟ್ಟಿಯ ನಡುವಿಗೆ ಬೀಳದೆ ತುಸು ಪಕ್ಕಕ್ಕೆ ಬಿದ್ದರೂ ಸಾಕು. ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಕೂತರಂತೂ ಅಂಟು ಬಲುಬೇಗ ಎಳೆದುಕೊಳ್ಳುತ್ತದೆ. ಮೂಲೆಮಟ್ಟ ಹಿಡಿದು ನೋಡಿ, ಸಡಿಲಿಸಿ, ಮತ್ತೆ ಬಿಗಿಯಲು ಪುರುಸೊತ್ತಿರುವುದಿಲ್ಲ. ಫೋಟೊ ಫ್ರೇಮು, ಸಣ್ಣ ಪೆಟ್ಟಿಗೆಗಳನ್ನು ಒಬ್ಬನೇ ಮಾಡಿಕೊಳ್ಳುವ ನನ್ನಂಥ ಹವ್ಯಾಸಿಗೆ ಜಿಗ್ ಬೇಕೆನಿಸಿದ್ದು ಇದಕ್ಕೇ.

ಒಂದು ಡಿಗ್ರಿ ಆಚೀಚೆಯಾದರೆ ಏನು ಮಹಾ ಅನ್ನಬೇಡಿ. ಒಳಗಡೆ 300 ಮಿ.ಮೀ. ಅಗಲ, 400 ಮಿ.ಮೀ. ಉದ್ದದ ಚೌಕಟ್ಟಿಗೆ ಎರಡೂ ಕ್ರಾಸ್ ಅಳತೆ 500 ಬರಬೇಕು. ಮೂಲೆ ಒಂದೇ ಡಿಗ್ರಿ ವಾಲಿದರೂ ಒಂದು ಕ್ರಾಸ್ 504ಕ್ಕೆ ಹಿಗ್ಗಿ ಇನ್ನೊಂದು 496ರ ಹತ್ತಿರಕ್ಕೆ ಕುಗ್ಗುತ್ತದೆ. ಆಮೇಲೆ ಗಾಜು ಕೂರುವುದಿಲ್ಲ.

ನಾನು ಮಾಡಿಕೊಂಡದ್ದು ತೀರಾ ಸರಳ. 18 ಮಿ.ಮೀ. ಪ್ಲೈವುಡ್ಡಿನ ತುಂಡುಗಳಲ್ಲಿ ಕತ್ತರಿಸಿದ ಲಂಬಕೋನ ತ್ರಿಕೋನಗಳು. ಲಂಬವಾದ ಎರಡು ಬದಿ ಸುಮಾರು ಆರಾರು ಇಂಚು. ಪ್ರತಿ ಬದಿಯ ಹತ್ತಿರ ಕ್ಲಾಂಪಿನ ಬಾಯಿ ಹಿಡಿಯುವಂಥ ಒಂದೊಂದು ತೂತು. ಆಟೋ ಹಿಂಜ್ ಕೂರಿಸಲು ಬಳಸುವ 35 ಮಿ.ಮೀ. ಬಿಟ್ ಮನೆಯಲ್ಲಿತ್ತು, ತೂತಿಗೆ ಅದೇ ಆಯಿತು. ತ್ರಿಕೋನವನ್ನು ಮೂಲೆಯ ಒಳಗಡೆ ಇಟ್ಟು ಎರಡೂ ಪಟ್ಟಿಗಳನ್ನು ಅದರ ಬದಿಗಳಿಗೆ ಒತ್ತಿ ಕ್ಲಾಂಪ್ ಹಾಕಿದರೆ ಕೆಲಸ ಮುಗಿಯಿತು. ಕರ್ಣದ ಬದಿ ಸೊಟ್ಟಗಿದ್ದರೂ, ತೂತು ಒರಟಾಗಿದ್ದರೂ ನಡೆಯುತ್ತದೆ. ಲೆಕ್ಕಕ್ಕೆ ಬರುವುದು ಎರಡೇ ಅಂಚು, ಅವುಗಳ ನಡುವಿನ 90 ಡಿಗ್ರಿ. ನಾನು ಹೊತ್ತು ಕಳೆದದ್ದೂ ಅಲ್ಲಿಯೇ.

ಪ್ಲೈಯ ಕಾರ್ಖಾನೆಯ ಮೂಲೆ ಹೇಗೂ ಚೌಕವಾಗಿರುತ್ತದೆ ಎಂದುಕೊಂಡು ಅದನ್ನೇ ಬಳಸುವವರಿದ್ದಾರೆ. ಇರಬಹುದು, ಇರದೆಯೂ ಇರಬಹುದು. ಹಾಗಾದರೆ ಮೂಲೆಮಟ್ಟ ಹಿಡಿದು ನೋಡೋಣ ಅಂದರೆ, ಆ ಮಟ್ಟವೇ ಸರಿಯಿದೆ ಎನ್ನಲು ಸಾಕ್ಷಿ? ನಮ್ಮ ಬೀದಿಯ ಆಚಾರ್ರು ನನ್ನ ಮಟ್ಟವನ್ನು ಕೈಗೆತ್ತಿಕೊಂಡು, "ಇದನ್ನ ಮಗುಚಿ ನೋಡಿದ್ದೀರಾ ಸಾರ್?" ಅಂದರು. ಹಲಗೆಯ ನೇರ ಅಂಚಿಗೆ ಮಟ್ಟವನ್ನು ಒತ್ತಿ ಒಂದು ಗೆರೆ ಎಳೆದರು. ಮಗುಚಿ, ಅದೇ ಚುಕ್ಕೆಯಿಂದ ಇನ್ನೊಂದು. ಎರಡೂ ಒಂದರ ಮೇಲೊಂದು ಕೂತರೆ ಮಟ್ಟ ಸರಿ. ಕವಲೊಡೆದರೆ ಕಾಣುವ ಅಂತರ ನಿಜವಾದ ತಪ್ಪಿನ ಎರಡರಷ್ಟು. ಹಾಗಾಗಿ ಸಣ್ಣ ದೋಷವೂ ಕಣ್ಣಿಗೆ ಬೀಳುತ್ತದೆ. ಈ ಪರೀಕ್ಷೆಗೆ ಮಟ್ಟವೇ ಬೇಕೆಂದಿಲ್ಲ, ತ್ರಿಕೋನವನ್ನೂ ಹೀಗೇ ಮಗುಚಿ ನೋಡಬಹುದು. ಅಲ್ಲಿಂದ ಮುಂದೆ 80 ನಂಬರಿನ ಉಪ್ಪುಕಾಗದವನ್ನು ಮರದ ತುಂಡಿಗೆ ಸುತ್ತಿ ಉಬ್ಬಿದ ಕಡೆ ಉಜ್ಜುವುದು, ಗೆರೆ ಎಳೆಯುವುದು, ಮತ್ತೆ ಉಜ್ಜುವುದು. ಬೇಸರದ ಕೆಲಸವೇ, ಆದರೆ ಒಮ್ಮೆ ಮಾಡಿದರೆ ಆಯಿತು.

ಲಂಬಕೋನದ ತುದಿಯನ್ನು ಮಾತ್ರ ಚೂಪಾಗಿ ಉಳಿಸಿಕೊಳ್ಳಬಾರದು. ಅಂಟು ಹೊರಗೆ ಉಕ್ಕುವುದೇ ಅಲ್ಲಿ. ಆ ತುದಿಯನ್ನು ಮುಕ್ಕಾಲು ಇಂಚಿನಷ್ಟು ಕತ್ತರಿಸಿಬಿಟ್ಟರೆ ಎರಡು ಲಾಭ: ಜಿಗ್ಗು ಫ್ರೇಮಿಗೆ ಅಂಟಿಕೊಳ್ಳುವುದಿಲ್ಲ, ಗಟ್ಟಿಯಾದ ಅಂಟಿನ ಹನಿಯ ಮೇಲೆ ಕೂತು ಅಳತೆ ಕೆಡುವುದಿಲ್ಲ. ಅಂಚುಗಳಿಗೆ ಮೇಣ ತಿಕ್ಕುವ ಪದ್ಧತಿಯೂ ಇದೆ. ನನಗದು ಹಿಡಿಸಲಿಲ್ಲ, ಮೇಣ ಫ್ರೇಮಿನ ಮರಕ್ಕೂ ತಾಗಿ, ಅಲ್ಲಿ ಪಾಲಿಶ್ ಹಿಡಿಯುವುದಿಲ್ಲ. ರಟ್ಟಿನ ಡಬ್ಬಕ್ಕೆ ಹಾಕುವ ಕಂದು ಟೇಪು ಮೇಲು. ಫೆವಿಕಾಲ್ ಅದಕ್ಕೆ ಕಚ್ಚುವುದಿಲ್ಲ. ಸುಕ್ಕಿಲ್ಲದಂತೆ, ಒಂದರ ಮೇಲೊಂದು ಏರದಂತೆ ಅಂಟಿಸಬೇಕು, ಅಷ್ಟೆ. ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅದು ಮರದ ಎಳೆಗಳೊಳಗೆ ಇಳಿದು ಪಾಲಿಶ್ ಹಚ್ಚಿದಾಗ ಮಚ್ಚೆಯಾಗಿ ಏಳುತ್ತದೆ. ರಬ್ಬರಿನಂತಾಗುವವರೆಗೆ ಬಿಟ್ಟು ಉಳಿಯಲ್ಲಿ ಎಬ್ಬಿಸಿದರೆ ಚಕ್ಕೆಯಂತೆ ಬರುತ್ತದೆ.

ಜಿಗ್ಗಿನಿಂದ ಆಗದ ಕೆಲಸವೂ ಇದೆ. ಅದು ಮೂಲೆಯನ್ನು ಹಿಡಿದಿಡುತ್ತದೆ, ಕತ್ತರಿಸಿದ್ದನ್ನು ತಿದ್ದುವುದಿಲ್ಲ. 45 ಡಿಗ್ರಿಯ ಬದಲು 44.5 ಬಂದಿದ್ದರೆ ನಾಲ್ಕು ಮೂಲೆಯ ಎಂಟು ಕೊಯ್ತಗಳು ಸೇರಿ ನಾಲ್ಕು ಡಿಗ್ರಿ ಕೊರತೆ. ಜಿಗ್ಗು ಎಲ್ಲ ಮೂಲೆಗಳನ್ನೂ 90ಕ್ಕೆ ಎಳೆದು ನಿಲ್ಲಿಸಿದಾಗ ಆ ಕೊರತೆ ಮೂಲೆಗೊಂದು ಡಿಗ್ರಿಯ ಬಿರುಕಾಗಿ ಹಂಚಿಹೋಗುತ್ತದೆ. ಎದುರುಬದುರಿನ ಪಟ್ಟಿಗಳ ಉದ್ದ ಬೇರೆಬೇರೆಯಾಗಿದ್ದರೂ ಇದೇ ಪಾಡು. ಅದಕ್ಕೇ ಜೋಡಿ ಪಟ್ಟಿಗಳನ್ನು ಒಟ್ಟಿಗೆ ಹಿಡಿದು ಒಂದೇ ಏಟಿಗೆ ಕೊಯ್ಯುತ್ತೇನೆ. ಜೋಡಿಗಳ ಉದ್ದ ಸಮನಾಗಿದ್ದು ಒಂದು ಮೂಲೆ ಚೌಕವಾದರೆ ಉಳಿದ ಮೂರೂ ತಾವೇ ಚೌಕವಾಗುತ್ತವೆ, ಇದು ಹೈಸ್ಕೂಲಿನ ರೇಖಾಗಣಿತ. ಆದರೂ ಎದುರು ಮೂಲೆಗಳಿಗೆ ಎರಡು ತ್ರಿಕೋನ ಹಾಕುತ್ತೇನೆ. ಮರಕ್ಕೆ ಪಠ್ಯಪುಸ್ತಕದಷ್ಟು ಶಿಸ್ತಿಲ್ಲ.

ಡ್ರಾಯರ್ ಮಾಡುವಾಗ ಮಾತ್ರ ಈ ತ್ರಿಕೋನಗಳನ್ನು ಹೊರತೆಗೆಯುವುದಿಲ್ಲ. ತಳದ ಪ್ಲೈಯನ್ನೇ ಸರಿಯಾಗಿ ಚೌಕ ಕತ್ತರಿಸಿ, ಅಂಟು ಹಸಿಯಿರುವಾಗಲೇ ಗ್ರೂವ್ ಒಳಗೆ ತೂರಿಸಿದರೆ ನಾಲ್ಕೂ ಮೂಲೆಗಳನ್ನು ಅದೇ ಹಿಡಿಯುತ್ತದೆ.